ಕಲಬುರಗಿಯಲ್ಲಿ ಕೂತು ಲಾಬ್‌ಸ್ಟರ್ ತರಿಸಬೇಕು, ಯಾವುದು ತಗೊಂಡರೆ ತಪ್ಪಿಲ್ಲ?

ಬ್ರಹ್ಮಪುರ ವೈನಿ | ಜೂನ್ 16, ರಾತ್ರಿ 9:12

ಎಲ್ಲರಿಗೂ ಶರಣು. ನಗಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಮೀನು ಅಂದರೆ ಕಟ್ಲಾ, ರೋಹು, ಮಳೆಗಾಲದಲ್ಲಿ ಒಣ ಸಿಗಡಿ. ಅಷ್ಟೇ. ಬರುವ ಭಾನುವಾರ ಮಗಳಿಗೆ ಇಪ್ಪತ್ತೈದು ತುಂಬುತ್ತದೆ. ಪುಣೆಯಿಂದ ಬರುತ್ತಿದ್ದಾಳೆ. "ಅವ್ವಾ, ಈ ಸಲ ಕೇಕ್ ಬೇಡ, ಲಾಬ್‌ಸ್ಟರ್ ಮಾಡೋಣ" ಅಂದಳು. ಜೊತೆಗೆ ಷರತ್ತು ಬೇರೆ. ಮರಿ ಬೇಡ, ಮೊಟ್ಟೆ ಇರುವುದು ಬೇಡ, ಸಮುದ್ರದ ತಳ ಬಳಿದು ಹಿಡಿದದ್ದು ಬೇಡ.

ಹೈದರಾಬಾದಿನ ಅಂಗಡಿಯವರೊಬ್ಬರು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತಾರಂತೆ. ವಾಟ್ಸಾಪಿನಲ್ಲಿ ಪಟ್ಟಿ ಬಂತು. ಮೂರು ಬಗೆ ಇವೆ. "ರಾಕ್ ಲಾಬ್‌ಸ್ಟರ್, 150ರಿಂದ 200 ಗ್ರಾಂ, ತಾಜಾ". "ಅಮೆರಿಕನ್ ಲಾಬ್‌ಸ್ಟರ್, ಫ್ರೋಜನ್". "ಲಾಬ್‌ಸ್ಟರ್ ಪ್ರಾನ್, ದೊಡ್ಡ ಸೈಜು". ಮೂರರ ಮೇಲೂ ಒಂದು ಹಸಿರು ಎಲೆ, ಕೆಳಗೆ "ಸಸ್ಟೇನಬಲ್" ಅಂತ, ಅಂದರೆ ಸಮುದ್ರ ಬರಿದಾಗದ ಹಾಗೆ ಹಿಡಿದದ್ದು ಅಂತ. ಈ ಎಲೆಯನ್ನು ನಂಬಬಹುದಾ? ತಿಳಿದವರು ಹೇಳಿ.

ಬಿಸಿಲೂರ ಹುಡುಗ | ಜೂನ್ 16, ರಾತ್ರಿ 9:20

ವೈನಿ, ಮಟನ್ ತಹರಿ ಮಾಡಿ. ಸಮುದ್ರಕ್ಕೂ ಸುಖ, ನಮಗೂ ಸುಖ.

ತೊಗರಿ ಕಣಜ | ಜೂನ್ 16, ರಾತ್ರಿ 9:31

ಎಲೆ ಚಿತ್ರ ಯಾರು ಬೇಕಾದರೂ ಹಾಕಬಹುದು ರೀ. ನಮ್ಮ ಓಣಿಯಲ್ಲಿ ಚುರುಮುರಿ ಪಾಕೀಟಿನ ಮೇಲೂ ಇದೆ.

ಕಾರವಾರದಿಂದ ವರ್ಗ | ಜೂನ್ 16, ರಾತ್ರಿ 10:05

ನಾನು ಕಾರವಾರದವನು. ಯಾದಗಿರಿಗೆ ವರ್ಗವಾಗಿ ಬಂದು ನಾಲ್ಕು ವರ್ಷವಾಯಿತು. ಇಷ್ಟು ದಿನ ಮೀನಿನ ಮಾತಿಗೆ ಜೊತೆಯೇ ಸಿಕ್ಕಿರಲಿಲ್ಲ. ಅದಕ್ಕೆ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಸಮುದ್ರದ ಲಾಬ್‌ಸ್ಟರಿಗೆ ದಪ್ಪ ಇಕ್ಕಳದ ಕೈ ಇರುವುದಿಲ್ಲ. ಸಿನಿಮಾದಲ್ಲಿ ತಟ್ಟೆ ತುಂಬ ಕೂತಿರುತ್ತದಲ್ಲ, ಆ ಕೆಂಪು ಪ್ರಾಣಿ ಅಮೆರಿಕದ ಕಡೆಯದು. ನಮ್ಮದಕ್ಕೆ ಮೈತುಂಬ ಮುಳ್ಳು, ಮೈಗಿಂತ ಉದ್ದದ ಎರಡು ಮೀಸೆ. ಹಗಲು ಕಲ್ಲಿನ ಸಂದಿಯಲ್ಲಿ ಅಡಗಿ ರಾತ್ರಿ ಹೊರಗೆ ಬರುತ್ತದೆ. ಮರಾಠಿ ಕರಾವಳಿಯವರು ಶೇವಂಡ್ ಅನ್ನುತ್ತಾರೆ. ಇನ್ನೊಂದು ಬಗೆ ಇದೆ, ಚಪ್ಪಟೆ, ಮೀಸೆ ಇರುವ ಜಾಗದಲ್ಲಿ ಅಗಲವಾದ ಹಲಗೆಯಂಥದ್ದು. ಅದು ಸ್ಲಿಪ್ಪರ್ ಲಾಬ್‌ಸ್ಟರ್.

ಈಗ ತೂಕಕ್ಕೆ ಬನ್ನಿ. 2003ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಒಂದು ಆದೇಶ ಮಾಡಿತು. ಉದ್ದ ಮೀಸೆಯದರಲ್ಲಿ ಹೋಮಾರಸ್ ಅನ್ನುವ ಜಾತಿ 200 ಗ್ರಾಂ ಇರಲೇಬೇಕು. ಗುಜರಾತ್, ಮುಂಬೈ ಕಡೆ ಕೆಸರು ತಳದಲ್ಲಿ ಸಿಗುವ ಪಾಲಿಫೇಗಸ್ 300. ಬಣ್ಣಬಣ್ಣದ ಆರ್ನೇಟಸ್ 500. ಚಪ್ಪಟೆಯದು 150. ಇದಕ್ಕಿಂತ ಹಗುರ ಇದ್ದರೆ ರಫ್ತು ಮಾಡುವಂತಿಲ್ಲ.

ನಿಮ್ಮ ಪಟ್ಟಿಯ ಮೊದಲನೆಯದನ್ನು ಇನ್ನೊಮ್ಮೆ ಓದಿ ವೈನಿ. 150ರಿಂದ 200.

ಬ್ರಹ್ಮಪುರ ವೈನಿ | ಜೂನ್ 16, ರಾತ್ರಿ 10:11

ಅಯ್ಯೋ. ಅಂದರೆ ಮರಿ?

ಕಾರವಾರದಿಂದ ವರ್ಗ | ಜೂನ್ 16, ರಾತ್ರಿ 10:14

ಉದ್ದ ಮೀಸೆ ಇದ್ದರೆ ಮರಿ ಅಂತಲೇ ತಿಳಿಯಿರಿ. ಚಪ್ಪಟೆ ಇದ್ದರೆ ತೂಕ ದಾಟಿದೆ. ಫೋಟೋ ಕೇಳಿ. ಹೊಟ್ಟೆ ಕಡೆಯದೂ ಕೇಳಿ.

ಕೋರ್ಟ್ ರಸ್ತೆ ಅಂಕಲ್ | ಜೂನ್ 16, ರಾತ್ರಿ 10:40

ಸಣ್ಣ ತಿದ್ದುಪಡಿ. ಆ ತೂಕದ ನಿಯಮ ರಫ್ತಿಗೆ ಮಾತ್ರ. ಹೈದರಾಬಾದಿನಲ್ಲಿ ಮಾರಿ ಕಲಬುರಗಿಯಲ್ಲಿ ತಿಂದರೆ ಆ ಆದೇಶ ಅಡ್ಡ ಬರುವುದಿಲ್ಲ. ಹಾಗಾಗಿ ಅಂಗಡಿಯವರು ಕಾನೂನು ಮುರಿದರು ಅಂತ ಯಾರೂ ಬರೆಯಬೇಡಿ.

ಕಾರವಾರದಿಂದ ವರ್ಗ | ಜೂನ್ 16, ರಾತ್ರಿ 10:52

ಮುರಿದರು ಅಂತ ನಾನೆಲ್ಲಿ ಹೇಳಿದೆ ಸರ್? ನನ್ನ ಸಂಕಟವೇ ಅದು. ತೂಕ ತುಂಬಿದ್ದು ವಿಮಾನ ಹತ್ತುತ್ತದೆ. ತೂಕ ಸಾಲದ್ದು ಒಳನಾಡಿನ ಊರಿಗೆ ಬಸ್ಸು ಹತ್ತುತ್ತದೆ. ಹೊರದೇಶದವರು ಬೇಡ ಅಂದ ಮರಿಯನ್ನು ನಾವು "ಕಡಿಮೆ ರೇಟಿಗೆ ಸಿಕ್ಕಿತು" ಅಂತ ಸಂತೋಷದಿಂದ ತಿನ್ನುತ್ತೇವೆ.

ಆಳಂದ ಎಕ್ಸ್‌ಪ್ರೆಸ್ | ಜೂನ್ 16, ರಾತ್ರಿ 11:30

ಚಪ್ಪಟೆಯದಾದರೆ ಪರವಾಗಿಲ್ಲ ಅನ್ನುವ ಹಾಗೆ ಬರೆದಿರಲ್ಲ, ಅದಕ್ಕೆ ನನ್ನ ತಕರಾರು ಇದೆ. ನಾನು ಮುಂಬೈಯಲ್ಲಿ ಹದಿನೆಂಟು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆದವನು. ನಾನು ಸೇರುವ ಹೊತ್ತಿಗೆ ಅಲ್ಲಿ ಸ್ಲಿಪ್ಪರ್ ಲಾಬ್‌ಸ್ಟರ್ ಬರೀ ಹಿರಿಯರ ಬಾಯಲ್ಲಿ ಉಳಿದಿತ್ತು. ಬುಟ್ಟಿಗಟ್ಟಲೆ ಬರುತ್ತಿತ್ತಂತೆ. ಸಿಗಡಿಗೆ ಅಂತ ಬಿಟ್ಟ ಟ್ರಾಲ್ ಬಲೆಯಲ್ಲಿ ಇದೂ ಬಳಿದುಕೊಂಡು ಬರುತ್ತಿತ್ತು. ಮೊಟ್ಟೆ ಇರುವುದು, ಇಲ್ಲದ್ದು, ಎಲ್ಲ ಒಟ್ಟಿಗೆ. 1994ರ ಹೊತ್ತಿಗೆ ಮುಂಬೈ ಸಮುದ್ರದಲ್ಲಿ ಆ ಮೀನುಗಾರಿಕೆ ಮುಗಿದೇ ಹೋಯಿತು. ಇದು ಬರೀ ಮುದುಕರ ಕಥೆ ಅಲ್ಲ, ಕೊಚ್ಚಿಯ ಸಮುದ್ರ ಮೀನು ಸಂಶೋಧನಾ ಸಂಸ್ಥೆಯವರೂ ಬರೆದಿಟ್ಟಿದ್ದಾರೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿಲ್ಲ. ಸಿಗಡಿಯನ್ನು ಹ್ಯಾಚರಿಯಲ್ಲಿ ಮರಿ ಮಾಡಿ ಕೆರೆಯಲ್ಲಿ ಬೆಳೆಸುತ್ತಾರೆ. ಲಾಬ್‌ಸ್ಟರಿನ ವಿಷಯದಲ್ಲಿ ನಮ್ಮಲ್ಲಿ ಆ ವ್ಯಾಪಾರ ಕೈಗೂಡಿಲ್ಲ. ಅದರ ಮರಿ ಗಾಜಿನ ಚೂರಿನ ಹಾಗೆ ತೆಳ್ಳಗೆ ಇರುತ್ತದೆ, ತಿಂಗಳುಗಟ್ಟಲೆ ಸಮುದ್ರದಲ್ಲಿ ತೇಲುತ್ತಾ ಬೆಳೆಯಬೇಕು. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಟ್ಟರೂ ಉಳಿಯುವುದು ಕೆಲವೇ. ನೀವು ತಿನ್ನುವ ಭಾರತದ ಲಾಬ್‌ಸ್ಟರ್ ಸಮುದ್ರದಲ್ಲೇ ಹುಟ್ಟಿದ್ದು.

ಬಿಸಿಲೂರ ಹುಡುಗ | ಜೂನ್ 16, ರಾತ್ರಿ 11:34

ಅಂದರೆ ಇದರಲ್ಲಿ ಫಾರಂ ಕೋಳಿ ಇಲ್ಲ, ಎಲ್ಲ ಕಾಡುಕೋಳಿ.

ಆಳಂದ ಎಕ್ಸ್‌ಪ್ರೆಸ್ | ಜೂನ್ 16, ರಾತ್ರಿ 11:36

ನಾನು ಇಷ್ಟುದ್ದ ಬರೆದದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದೆಯಲ್ಲ ತಮ್ಮಾ.

ಶರಣು ಶರಣಾರ್ಥಿ | ಜೂನ್ 17, ಬೆಳಿಗ್ಗೆ 6:15

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಇದೇ ಮೊದಲು ಬಂತು. ಶರಣರ ನಾಡಿನಲ್ಲಿ ಕೂತು ಎಲ್ಲೆಲ್ಲಿಯದೋ ಹುಳ ತರಿಸಿ ತಿನ್ನುವುದು, ಆಮೇಲೆ ಅದಕ್ಕೆ ಪುಣ್ಯದ ಲೇಬಲ್ ಹುಡುಕುವುದು. ಬಿಟ್ಟುಬಿಟ್ಟರೆ ಮುಗೀತಲ್ವಾ?

ಭೀಮಾ ತೀರ | ಜೂನ್ 17, ಬೆಳಿಗ್ಗೆ 7:02

ಅಂಬಿಗರ ಚೌಡಯ್ಯನೂ ಶರಣನೇ ರೀ. ನಮ್ಮಪ್ಪ ಭೀಮೆಯಲ್ಲಿ ಬಲೆ ಬಿಟ್ಟೇ ನಾಲ್ಕು ಮಕ್ಕಳನ್ನು ಓದಿಸಿದ್ದು.

ಮೇಲ್ವಿಚಾರಕ | ಜೂನ್ 17, ಬೆಳಿಗ್ಗೆ 8:00

ತಿನ್ನಬೇಕೋ ಬೇಡವೋ ಅನ್ನುವ ಜಗಳಕ್ಕೆ ಬೇರೆ ಎಳೆ ಇದೆ. ಅಲ್ಲಿ ಈಗಾಗಲೇ ನಾನೂರು ಉತ್ತರ ಇವೆ, ಜಾಗ ಇನ್ನೂ ಇದೆ.

ಬೀದರ್ ಟು ಬಾಸ್ಟನ್ | ಜೂನ್ 17, ಬೆಳಿಗ್ಗೆ 8:45

ಎರಡನೆಯದರ ಬಗ್ಗೆ ನಾನು ಹೇಳಬಲ್ಲೆ. ಹುಟ್ಟಿದ್ದು ಹುಮನಾಬಾದ್, ಈಗ ಇರುವುದು ಇಲ್ಲಿ. ಅಮೆರಿಕನ್ ಲಾಬ್‌ಸ್ಟರ್ ಅಂದರೆ ಹೆಚ್ಚಾಗಿ ಮೇನ್ ರಾಜ್ಯದ್ದು ಅಥವಾ ಕೆನಡಾದ್ದು. ಮೇನ್ ಕಡೆ ಅದಕ್ಕೆ ಬಲೆ ಎಳೆಯುವುದಿಲ್ಲ. ತಳದಲ್ಲಿ ಪಂಜರ ಇಟ್ಟು ಹಿಡಿಯುತ್ತಾರೆ. ಮರಿ ನುಸುಳಿ ಹೋಗಲಿ ಅಂತ ಪಂಜರದಲ್ಲಿ ಕಿಂಡಿ ಇರುತ್ತದೆ. ಪ್ರತಿ ದೋಣಿಯಲ್ಲೂ ಒಂದು ಅಳತೆಪಟ್ಟಿ. ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ಕೊನೆವರೆಗೆ ಮೂರೂಕಾಲು ಇಂಚಿಗಿಂತ ಕಡಿಮೆ ಇದ್ದರೆ ವಾಪಸ್ ನೀರಿಗೆ. ಐದು ಇಂಚು ದಾಟಿದರೂ ವಾಪಸ್, ಏಕೆಂದರೆ ದೊಡ್ಡವೇ ಜಾಸ್ತಿ ಮರಿ ಮಾಡುತ್ತವೆ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಮೊಟ್ಟೆ ಇರುವ ಹೆಣ್ಣು ಸಿಕ್ಕರೆ ಬಾಲದ ರೆಕ್ಕೆಗೆ ವಿ ಆಕಾರದ ಕಚ್ಚು ಹಾಕಿ ಬಿಡುತ್ತಾರೆ. ಮುಂದಿನ ವರ್ಷ ಅದು ಮೊಟ್ಟೆ ಇಲ್ಲದೆ ಬೇರೆಯವರ ಪಂಜರಕ್ಕೆ ಬಿದ್ದರೂ, ಕಚ್ಚು ನೋಡಿ ಅವರೂ ಬಿಡಬೇಕು. ನಮ್ಮ ಕಡೆ ದೇವರಿಗೆ ಬಿಟ್ಟ ಗೂಳಿ ಇರುತ್ತಲ್ಲ, ಹಾಗೆ.

ತೊಗರಿ ಕಣಜ | ಜೂನ್ 17, ಬೆಳಿಗ್ಗೆ 9:10

ಹಾಗಾದರೆ ವೈನಿಗೆ ಅಮೆರಿಕದ್ದೇ ಸರಿ. ಮುಗೀತು.

ಬೀದರ್ ಟು ಬಾಸ್ಟನ್ | ಜೂನ್ 17, ಬೆಳಿಗ್ಗೆ 9:18

ಮುಗಿಯಲಿಲ್ಲ ಅಣ್ಣಾ. ತಿಮಿಂಗಿಲ ಇದೆ.

ತೊಗರಿ ಕಣಜ | ಜೂನ್ 17, ಬೆಳಿಗ್ಗೆ 9:19

ತಿಮಿಂಗಿಲ ಎಲ್ಲಿಂದ ಬಂತು ಇದರಲ್ಲಿ?

ಬೀದರ್ ಟು ಬಾಸ್ಟನ್ | ಜೂನ್ 17, ಬೆಳಿಗ್ಗೆ 9:40

ಪಂಜರ ತಳದಲ್ಲಿ, ತೇಲುವ ಬುರುಡೆ ಮೇಲೆ, ನಡುವೆ ನೆಟ್ಟಗೆ ನಿಂತ ಹಗ್ಗ. ಅಂಥ ಹಗ್ಗ ಲಕ್ಷಗಟ್ಟಲೆ. ರೈಟ್ ವೇಲ್ ಅನ್ನುವ ತಿಮಿಂಗಿಲ ಅದೇ ದಾರಿಯಲ್ಲಿ ಓಡಾಡುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಈಗ ಉಳಿದಿರುವುದು ನಾನೂರಕ್ಕಿಂತ ಕಡಿಮೆ. ಹಗ್ಗ ಸುತ್ತಿಕೊಂಡು ಸಾಯುತ್ತವೆ. ಯಾವ ಮೀನು ಕೊಳ್ಳಬಹುದು, ಯಾವುದು ಬೇಡ ಅಂತ ಪಟ್ಟಿ ಮಾಡುವ ಸೀಫುಡ್ ವಾಚ್ ಅನ್ನುವವರು 2022ರಲ್ಲಿ ಈ ಲಾಬ್‌ಸ್ಟರನ್ನು ಕೆಂಪು ಪಟ್ಟಿಗೆ, ಅಂದರೆ ಬೇಡ ಅನ್ನುವ ಪಟ್ಟಿಗೆ, ಹಾಕಿದರು. ಅದೇ ವರ್ಷದ ಕೊನೆಗೆ ಮೇನ್ ಕೊಲ್ಲಿಯ ಲಾಬ್‌ಸ್ಟರಿಗೆ ಇದ್ದ ಎಂಎಸ್‌ಸಿ ಮುದ್ರೆಯೂ (ಸಮುದ್ರ ಹಾಳಾಗದ ಹಾಗೆ ಹಿಡಿದದ್ದು ಅಂತ ಕೊಡುವ ಗುರುತು) ಅಮಾನತಾಯಿತು. ಮೀನುಗಾರರಿಗೆ ಸಿಟ್ಟು ಬಂತು. ನಮ್ಮ ಹಗ್ಗದಿಂದ ತಿಮಿಂಗಿಲ ಸತ್ತದ್ದಕ್ಕೆ ಪುರಾವೆ ಎಲ್ಲಿದೆ ಅಂತ 2023ರಲ್ಲಿ ಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಒಂದು ಎಳೆಯ ತಿಮಿಂಗಿಲ ಸತ್ತು ದಡಕ್ಕೆ ಬಂತು. ಬಾಲಕ್ಕೆ ಸುತ್ತಿದ್ದ ಹಗ್ಗದಲ್ಲಿ ಮೇನ್‌ನವರ ನೇರಳೆ ಗುರುತು ಇತ್ತು.

ಲಾಬ್‌ಸ್ಟರ್ ಲೆಕ್ಕದಲ್ಲಿ ಒಳ್ಳೆಯ ಮೀನುಗಾರಿಕೆ. ತಿಮಿಂಗಿಲದ ಲೆಕ್ಕದಲ್ಲಿ ಅಲ್ಲ. ನನ್ನ ಗಂಡ ಈಗಲೂ ತಿನ್ನುತ್ತಾರೆ, ನಾನು ಬಿಟ್ಟಿದ್ದೇನೆ. ಮನೆಯಲ್ಲೇ ತೀರ್ಮಾನ ಆಗಿಲ್ಲ.

ಕೋರ್ಟ್ ರಸ್ತೆ ಅಂಕಲ್ | ಜೂನ್ 17, ಬೆಳಿಗ್ಗೆ 10:30

ಅಮೆರಿಕದಿಂದ ಹೈದರಾಬಾದ್, ಅಲ್ಲಿಂದ ಬಸ್ಸಿನಲ್ಲಿ ಕಲಬುರಗಿ. ಬರೀ ಸಾಗಿಸುವುದಕ್ಕೇ ಎಷ್ಟು ಡೀಸೆಲ್ ಸುಡುತ್ತದೆ ಅಂತ ಯಾರಾದರೂ ಲೆಕ್ಕ ಹಾಕಿದಿರಾ?

ಕಾರವಾರದಿಂದ ವರ್ಗ | ಜೂನ್ 17, ಮಧ್ಯಾಹ್ನ 1:15

ಎಂಎಸ್‌ಸಿ ಹೆಸರು ಬಂತಲ್ಲ, ಊಟದ ಬಿಡುವಿನಲ್ಲಿ ಎರಡು ಸಾಲು. ನೀಲಿ ಬಣ್ಣದ ಮೀನಿನ ಗುರುತು ಅದು. ಜಗತ್ತಿನಲ್ಲಿ ಮೊಟ್ಟಮೊದಲು ಆ ಮುದ್ರೆ ಸಿಕ್ಕಿದ್ದೇ ಒಂದು ಲಾಬ್‌ಸ್ಟರಿಗೆ. ಪಶ್ಚಿಮ ಆಸ್ಟ್ರೇಲಿಯಾದ ರಾಕ್ ಲಾಬ್‌ಸ್ಟರ್, 2000ನೇ ಇಸವಿಯಲ್ಲಿ. ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು 2014ರಲ್ಲಿ, ಕೊಲ್ಲಂ ಹತ್ತಿರದ ಅಷ್ಟಮುಡಿ ಕೆರೆಯ ಚಿಪ್ಪಿಗೆ. ನಮ್ಮ ಕಡೆ ತಿಸ್ರಿ ಅನ್ನುತ್ತೇವಲ್ಲ, ಆ ಬಗೆಯದು. ವೈನಿಯ ಪಟ್ಟಿಯ ಹಸಿರು ಎಲೆ ಇವರ್ಯಾರದ್ದೂ ಅಲ್ಲ.

ಇನ್ನೊಂದು ಅನುಮಾನ. ಜೂನ್ ತಿಂಗಳಲ್ಲಿ "ತಾಜಾ" ಎಲ್ಲಿಂದ ಬಂತು? ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ.

ಆಳಂದ ಎಕ್ಸ್‌ಪ್ರೆಸ್ | ಜೂನ್ 17, ಮಧ್ಯಾಹ್ನ 1:40

ಎಲ್ಲ ದೋಣಿಗೂ ರಜೆ ಇಲ್ಲ ಸಾಹೇಬರೇ. ಯಾಂತ್ರಿಕ ದೋಣಿಗೆ ಮಾತ್ರ. 10 ಎಚ್‌ಪಿವರೆಗಿನ ಮೋಟಾರು ಇರುವ ನಾಡದೋಣಿ ಹೋಗಬಹುದು. ರಾಕ್ ಲಾಬ್‌ಸ್ಟರ್ ಹೆಚ್ಚಾಗಿ ಇರುವುದು ದಡದ ಹತ್ತಿರದ ಕಲ್ಲುಗಳಲ್ಲಿ. ಅಲ್ಲದೆ ಹೈದರಾಬಾದಿಗೆ ಪೂರ್ವದ ಸಮುದ್ರದಿಂದ ಬಂದಿರಬಹುದು. ಅಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಮೊನ್ನೆಯಷ್ಟೇ ಮುಗಿದಿದೆ.

ಕಾರವಾರದಿಂದ ವರ್ಗ | ಜೂನ್ 17, ಮಧ್ಯಾಹ್ನ 1:52

ಒಪ್ಪಿದೆ. ಕಾರವಾರದವನಿಗೆ ಆಳಂದದವರು ಸಮುದ್ರದ ಪಾಠ ಹೇಳುವ ಕಾಲ ಬಂತು.

ನೆಲ್ಲೂರು ಅಳಿಯ | ಜೂನ್ 17, ಸಂಜೆ 5:20

ಮೂರನೆಯದನ್ನು ಯಾರೂ ಮುಟ್ಟಿಲ್ಲ. "ಲಾಬ್‌ಸ್ಟರ್ ಪ್ರಾನ್" ಲಾಬ್‌ಸ್ಟರ್ ಅಲ್ಲವೇ ಅಲ್ಲ. ಸಿಹಿನೀರಿನ ದೊಡ್ಡ ಸಿಗಡಿ, ಸ್ಕಾಂಪಿ ಅನ್ನುತ್ತಾರೆ. ಗಂಡಿಗೆ ನೀಲಿ ಬಣ್ಣದ ಉದ್ದ ಕೈಗಳಿರುತ್ತವೆ. ಅದನ್ನು ನೋಡಿ ಲಾಬ್‌ಸ್ಟರ್ ಅಂತ ಹೆಸರಿಟ್ಟು ರೇಟು ಏರಿಸುತ್ತಾರೆ. ನಮ್ಮ ಮಾವನವರು ನೆಲ್ಲೂರು ಕಡೆ ಇದನ್ನೇ ಬೆಳೆಯುತ್ತಿದ್ದರು. ರೋಗ ಬಂತು, ಕೈ ಸುಟ್ಟುಕೊಂಡರು. ವೆನಾಮಿ ಅನ್ನುವ ಇನ್ನೊಂದು ಬಗೆಯ ಸಿಗಡಿ ಸಾಕಲು 2009ರಲ್ಲಿ ಅನುಮತಿ ಸಿಕ್ಕಿದ ಮೇಲೆ ಅಲ್ಲಿಯ ಹೆಚ್ಚಿನವರು ಅತ್ತ ವಾಲಿದರು. ಆದರೂ ಅಲ್ಲಲ್ಲಿ ಸ್ಕಾಂಪಿ ಇದೆ.

ವೈನಿಯ ಷರತ್ತಿಗೆ ಇದೇ ಹತ್ತಿರ ಅನ್ನಿಸುತ್ತದೆ. ಮರಿ ಹ್ಯಾಚರಿಯದು, ಬೆಳೆದದ್ದು ಕೆರೆಯಲ್ಲಿ, ಸಮುದ್ರದ ತಳ ಯಾರೂ ಬಳಿದಿಲ್ಲ. ಒಂದೇ ಮಾತು. ಕೆರೆಯದ್ದೋ ನದಿಯಲ್ಲಿ ಹಿಡಿದದ್ದೋ ಕೇಳಿಕೊಳ್ಳಿ. ಮತ್ತೆ ಇದಕ್ಕೆ ತಲೆ ದೊಡ್ಡದು. ಒಂದು ಕಿಲೋ ತಂದರೆ ಬಾಣಲೆಗೆ ಬೀಳುವುದು ಅರ್ಧ.

ಬ್ರಹ್ಮಪುರ ವೈನಿ | ಜೂನ್ 17, ಸಂಜೆ 5:45

ಸಿಗಡಿಯಾ! ಅದಕ್ಕಾ ಆ ರೇಟು?

ಚೌಬಾರಾ ಚಾಚಾ | ಜೂನ್ 17, ರಾತ್ರಿ 8:30

ನಮ್ಮ ಬೀದರಿನಲ್ಲಿ ಮಿರಗ (ಮೃಗಶಿರಾ ಮಳೆ) ಕೂಡಿದ ದಿನ ಮೀನು ತಿನ್ನಲೇಬೇಕು ಅಂತ ಎಷ್ಟೋ ಮನೆಗಳಲ್ಲಿ ರೂಢಿ. ಮೊನ್ನೆ ಕೊರಮೀನಿನ ರೇಟು ಕೇಳಿ ವಾಪಸ್ ಬಂದೆ. ಹೈದರಾಬಾದಿನ ನಾಂಪಲ್ಲಿ ಮೈದಾನದಲ್ಲಿ ಉಬ್ಬಸದವರಿಗೆ ಅದೇ ಮೀನಿನ ಮರಿಯ ಬಾಯಲ್ಲಿ ಔಷಧಿ ಇಟ್ಟು ನುಂಗಿಸುತ್ತಾರಲ್ಲ, ಆ ದಿನಗಳಲ್ಲಿ ಅದನ್ನು ಮುಟ್ಟುವ ಹಾಗಿಲ್ಲ.

ಬಿಸಿಲೂರ ಹುಡುಗ | ಜೂನ್ 17, ರಾತ್ರಿ 8:41

ಚಾಚಾ, ನುಂಗಿದರೆ ಉಬ್ಬಸ ಹೋಗುತ್ತಾ?

ಚೌಬಾರಾ ಚಾಚಾ | ಜೂನ್ 17, ರಾತ್ರಿ 8:50

ನಮ್ಮಣ್ಣ ಮೂರು ವರ್ಷ ನುಂಗಿದ. ಇನ್ಹೇಲರ್ ಇನ್ನೂ ಜೇಬಿನಲ್ಲಿದೆ.

ಭೀಮಾ ತೀರ | ಜೂನ್ 17, ರಾತ್ರಿ 10:10

ಸಮುದ್ರದ ಬಗ್ಗೆ ನನಗೆ ಗೊತ್ತಿಲ್ಲ. ಹೊಳೆಯ ಬಗ್ಗೆ ಹೇಳುತ್ತೇನೆ. ನಮ್ಮದು ಅಫಜಲಪುರ ತಾಲೂಕು. ಅಪ್ಪನ ಬಲೆಯ ಕಣ್ಣಿನಲ್ಲಿ ನನ್ನ ಮುಷ್ಟಿ ಹೋಗುತ್ತಿತ್ತು. ಸಣ್ಣ ಮೀನು ತಾನಾಗಿ ದಾಟಿ ಹೋಗುತ್ತಿತ್ತು. ಮೊದಲ ಮಳೆಗೆ ಹೊಳೆ ಕೆಂಪಾದಾಗ ಮೀನು ಮೊಟ್ಟೆ ಇಡಲು ಮೇಲೆ ಏರುತ್ತವೆ. ಅವು ಹಳ್ಳದ ಬಾಯಿಗೆ ಬಂದಾಗ ಅಡ್ಡ ಬಲೆ ಕಟ್ಟಬಾರದು ಅಂತ ಹಿರಿಯರು ಬೈಯುತ್ತಿದ್ದರು. ಈಗ ಸೊಳ್ಳೆ ಪರದೆಯಂಥ ಬಲೆ. ಬೆರಳುದ್ದದ ಮರಿ ಸಹಿತ ಬರುತ್ತದೆ. ಅದನ್ನೇ ಒಣಗಿಸಿ ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ಮಾರುತ್ತಾರೆ.

2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟು ಭೀಮೆ ಉಕ್ಕಿದ್ದು ನೆನಪಿದೆಯಲ್ಲ? ಹೊಲ, ಕೆರೆ, ಹೊಂಡ ಎಲ್ಲ ಒಂದಾಯಿತು. ಆಮೇಲಿನ ವರ್ಷ ಅಪ್ಪನ ಬಲೆಗೆ ಬಿದ್ದದ್ದರಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಜಾಸ್ತಿ ಇತ್ತು. ಅದನ್ನು ಸಾಕಬಾರದು ಅಂತ ನಿಷೇಧ ಇದೆ. ಯಾರದೋ ಹೊಂಡದಿಂದ ತಪ್ಪಿಸಿಕೊಂಡು ಬಂದದ್ದು. ಕಂಡದ್ದನ್ನೆಲ್ಲ ತಿನ್ನುತ್ತದೆ. ಅಪ್ಪ ಅದನ್ನು ಮನೆಗೂ ತರಲಿಲ್ಲ, ಮಾರಲೂ ಇಲ್ಲ, ದಡದಲ್ಲೇ ಗುಂಡಿ ತೋಡಿ ಹೂತರು.

ವೈನಿ ಬೇಜಾರು ಮಾಡಿಕೊಳ್ಳಬೇಡಿ. ಲಾಬ್‌ಸ್ಟರಿಗೆ ಇಷ್ಟು ಪ್ರಶ್ನೆ ಕೇಳುವವರು ನಮ್ಮ ಮಾರ್ಕೆಟ್ಟಿನಲ್ಲಿ ಒಂದು ಪರಕೆ ಮೀನು ಕೊಳ್ಳುವಾಗ ಏನೂ ಕೇಳುವುದಿಲ್ಲ. ರೇಟು ಮಾತ್ರ ಕೇಳುತ್ತಾರೆ.

ಬ್ರಹ್ಮಪುರ ವೈನಿ | ಜೂನ್ 17, ರಾತ್ರಿ 10:32

ಬೇಜಾರೇನಿಲ್ಲ ತಮ್ಮಾ. ನಿಜವೇ. ಮೊಟ್ಟೆ ಇರುವ ಮೀನು ಬೇಕು ಅಂತ ನಾನೇ ಆರಿಸಿ ತಂದಿದ್ದೇನೆ, ಎಷ್ಟೋ ಸಲ.

ಯಾದಗಿರಿ ಅಡುಗೆಮನೆ | ಜೂನ್ 18, ಬೆಳಿಗ್ಗೆ 7:40

ಅಡುಗೆ ಮಾಡುವವಳಾಗಿ ನನ್ನದು ಬೇರೆ ಮಾತು. ಬಸ್ಸಿನಲ್ಲಿ ಬರುವ "ತಾಜಾ" ಲಾಬ್‌ಸ್ಟರ್ ಸತ್ತೇ ಬರುತ್ತದೆ. ಸತ್ತ ಮೇಲೆ ಅದರ ಮಾಂಸ ಬೇಗ ಮೆತ್ತಗಾಗುತ್ತದೆ, ಹಿಟ್ಟು ಹಿಟ್ಟು. ಅದಕ್ಕಿಂತ ಹಿಡಿದ ಕೂಡಲೇ ಗಟ್ಟಿ ಮಾಡಿದ ಫ್ರೋಜನ್ ಎಷ್ಟೋ ಮೇಲು. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಟ್ಟು ಕರಗಿಸಿ. ತೂಕ ಹಾಕುವಾಗ ಮೇಲಿನ ಐಸಿನ ಪದರ ಬಿಟ್ಟು ಎಷ್ಟು ಅಂತ ಕೇಳಿ. ಒಮ್ಮೆ ನಾನು ತಂದ ಒಂದು ಕಿಲೋ ಸಿಗಡಿ, ಕರಗಿದ ಮೇಲೆ ಏಳುನೂರು ಗ್ರಾಂ ಆಯಿತು. ಮುನ್ನೂರು ಗ್ರಾಂ ನೀರಿಗೆ ಸಿಗಡಿ ರೇಟು ಕೊಟ್ಟೆ.

ತೊಗರಿ ಕಣಜ | ಜೂನ್ 18, ಬೆಳಿಗ್ಗೆ 8:05

ಜೀವಂತವಾಗಿ ಕುದಿಯುವ ನೀರಿಗೆ ಹಾಕುತ್ತಾರಲ್ಲ, ಅದು ನೋಡಿದರೇ ಮೈ ಜುಂ ಅನ್ನುತ್ತದೆ.

ಬೀದರ್ ಟು ಬಾಸ್ಟನ್ | ಜೂನ್ 18, ಬೆಳಿಗ್ಗೆ 8:20

ಸ್ವಿಟ್ಜರ್ಲೆಂಡ್ ಅದನ್ನು 2018ರಲ್ಲೇ ನಿಲ್ಲಿಸಿದೆ. ಏಡಿ, ಲಾಬ್‌ಸ್ಟರಿಗೂ ನೋವು ತಿಳಿಯುತ್ತದೆ ಅಂತ ಬ್ರಿಟನ್ 2022ರ ಕಾನೂನಿನಲ್ಲಿ ಒಪ್ಪಿಕೊಂಡಿದೆ. ವೈನಿಯ ಡಬ್ಬಿಯಲ್ಲಿ ಆ ಸಮಸ್ಯೆ ಇಲ್ಲ ಬಿಡಿ.

ಬ್ರಹ್ಮಪುರ ವೈನಿ | ಜೂನ್ 19, ಮಧ್ಯಾಹ್ನ 12:10

ಅಂಗಡಿಯವರಿಗೆ ವಿಡಿಯೋ ಕಾಲ್ ಮಾಡಿದೆ. ಬರೆದುಕೊಂಡು ಕೂತಿದ್ದೆ. ಯಾವ ಜಾತಿ, ಎಷ್ಟು ತೂಕ, ಯಾವ ಊರಿನ ಸಮುದ್ರ, ಬಲೆಯೋ ಪಂಜರವೋ. ಎರಡನೇ ಪ್ರಶ್ನೆಗೇ ಅವರು, "ಮೇಡಂ, ನೀವು ಮೀನು ತಗೊಳ್ಳುತ್ತೀರೋ ಪರೀಕ್ಷೆ ಬರೆಸುತ್ತೀರೋ?" ಅಂದರು.

ಆದರೂ ತೋರಿಸಿದರು. ಉದ್ದ ಮೀಸೆಯದ್ದೇ. ಐದು ಇದ್ದವು. ಹೊಟ್ಟೆ ಮೇಲೆ ಮಾಡಿ ತೋರಿಸಿ ಅಂದೆ. ಎರಡರ ಬಾಲದಡಿ ಕಿತ್ತಳೆ ಬಣ್ಣದ ಕಾಳು ಕಾಳು. "ಮೊಟ್ಟೆ ಇದ್ದರೆ ರುಚಿ ಜಾಸ್ತಿ ಮೇಡಂ, ಅದಕ್ಕೆ ಬೇರೆ ಚಾರ್ಜ್ ಇಲ್ಲ" ಅಂದರು. ನನಗೆ ನಗು ಬಂತು, ಆಮೇಲೆ ಒಂಥರಾ ಆಯಿತು.

ಹಸಿರು ಎಲೆ ಯಾರು ಕೊಟ್ಟದ್ದು ಅಂತ ಕೇಳಿದೆ. ಪಟ್ಟಿ ಡಿಸೈನ್ ಮಾಡಿದ ಹುಡುಗ ಹಾಕಿದ್ದಂತೆ.

ತೊಗರಿ ಕಣಜ | ಜೂನ್ 19, ಮಧ್ಯಾಹ್ನ 12:14

ಚುರುಮುರಿ ಪಾಕೀಟು ಅಂತ ನಾನು ಹೇಳಿರಲಿಲ್ವಾ?

ಕಾರವಾರದಿಂದ ವರ್ಗ | ಜೂನ್ 19, ಮಧ್ಯಾಹ್ನ 1:05

ವೈನಿ, ಸೆಪ್ಟೆಂಬರ್ ದಾಟಲಿ. ಊರಿಗೆ ಹೋದಾಗ ಗೊತ್ತಿರುವ ದೋಣಿಯವರ ಹತ್ತಿರ ಅರ್ಧ ಕಿಲೋ ಮೇಲಿನ ಗಂಡು ಸಿಕ್ಕರೆ ನಾನೇ ತಂದುಕೊಡುತ್ತೇನೆ. ಗಂಡೇ ಬೇಕು ಅಂದರೆ ನಗುತ್ತಾರೆ, ಪರವಾಗಿಲ್ಲ.

ನೆಲ್ಲೂರು ಅಳಿಯ | ಜೂನ್ 19, ಮಧ್ಯಾಹ್ನ 1:30

ಈಗೇನು ಮಾಡಿದಿರಿ ಅಂತ ಹೇಳಲಿಲ್ಲವಲ್ಲ ಅಕ್ಕಾರ?

ಬ್ರಹ್ಮಪುರ ವೈನಿ | ಜೂನ್ 22, ರಾತ್ರಿ 9:50

ಸ್ಕಾಂಪಿ ತರಿಸಿದೆ. ಕೆರೆಯದ್ದು ಅಂತ ಅಂಗಡಿಯವರು ಹೇಳಿದರು, ನಂಬಿದೆ. ತಲೆ ತೆಗೆದ ಮೇಲೆ ನಿಜವಾಗಿಯೂ ಅರ್ಧ ಉಳಿಯಿತು. ಕೆಂಪು ಖಾರ, ಬೆಳ್ಳುಳ್ಳಿ, ಒಣ ಕೊಬ್ಬರಿ ಅರೆದು ಹಾಕಿ ಗಟ್ಟಿಯಾಗಿ ಮಾಡಿದೆ. ಬಿಸಿ ಜೋಳದ ರೊಟ್ಟಿ ಜೊತೆ. ಮಗಳಿಗೆ ಎಲ್ಲ ಹೇಳಿದೆ, ತಿಮಿಂಗಿಲದವರೆಗೂ. "ಅವ್ವಾ, ನಾನು ಸುಮ್ನೆ ಒಂದು ಮಾತು ಹೇಳಿದ್ದೆ" ಅಂದಳು! ತಲೆಯನ್ನೂ ಬಿಡದೆ ಚೀಪಿದಳು. ಇವರು ಮಾತ್ರ ಕೈ ಉದ್ದ ಇರುವ ಸಿಗಡಿ ಬೇಡ ಅಂತ ಮೊಸರನ್ನ ಉಂಡು ಎದ್ದರು.

ಬಿಸಿಲೂರ ಹುಡುಗ | ಜೂನ್ 22, ರಾತ್ರಿ 9:58

ತಹರಿ ಮಾಡಿದ್ದರೆ ಕಾಕಾನೂ ಉಣ್ಣುತ್ತಿದ್ದರು.

ಯಾದಗಿರಿ ಅಡುಗೆಮನೆ | ಜೂನ್ 22, ರಾತ್ರಿ 10:15

ವೈನಿ, ಆ ಥರ್ಮೋಕೋಲ್ ಡಬ್ಬಿ ಎಸೆದಿಲ್ಲ ತಾನೇ? ವಾಸನೆ ಹೋಗದಿದ್ದರೆ ಅಡುಗೆ ಸೋಡಾ ಹಾಕಿ ತೊಳೆದು ಒಂದು ದಿನ ಬಿಸಿಲಿಗಿಡಿ.

ಬ್ರಹ್ಮಪುರ ವೈನಿ | ಜೂನ್ 22, ರಾತ್ರಿ 10:21

ಬಿಸಿಲಿಗೇ ಇಟ್ಟಿದ್ದೆ. ಪಕ್ಕದ ಮನೆಯ ಬೆಕ್ಕು ಒಳಗೆ ಮಲಗಿದೆ, ಏಳುತ್ತಿಲ್ಲ.